ಎಡಗೈ ಗವಸು

ಇದನ್ನು ನಾನು ಹೇಳಬಾರದೇನೋ... ವೋಲ್ಗಾ ದಂಡೆಯ ನಮ್ಮೂರ ಬಾಹ್ಯಾಕಾಶ ಮ್ಯೂಸಿಯಂನಲ್ಲಿ, ಬಂದವರ ಕೋಟು ತೆಗೆದಿಟ್ಟು ಬಿಲ್ಲೆ ಕೊಡುವವಳು ನಾನು. ಇನ್ನೊಬ್ಬರ ಮನಸ್ಸಿನೊಳಗಿನದನ್ನು ಬರೆಯಲು ನನಗೇನು ಅರ್ಹತೆ? ತಪ್ಪಿದ್ದರೆ ಕ್ಷಮಿಸಿ.

ಫೆಬ್ರವರಿಯ ಆ ಬೆಳಿಗ್ಗೆ ತೈಸಿಯಾ ಗ್ಲೆಬೊವ್ನಾ ತಲೆವಸ್ತ್ರ ಬಿಗಿದುಕೊಂಡು ಬಂದಳು. ನಾಲ್ಕು ವರ್ಷದ ಹಿಂದೆ ಬಾಹ್ಯಾಕಾಶಕ್ಕೆ ಹೋಗಿಬಂದವಳು. ಅಂದಿನಿಂದ ಒಂದು ಶಾಲೆಗೂ ಹೋಗಿ ಮಾತಾಡಿರಲಿಲ್ಲ. ಇಲ್ಲಿಟ್ಟಿದ್ದ ತನ್ನ ಬಾಹ್ಯಾಕಾಶ ಉಡುಪಿನ ಎಡಗೈ ಗವಸನ್ನು ವಾಪಸ್ ಒಯ್ಯಲೆಂದೇ ಬಂದಿದ್ದಳು.

ಗಾಜಿನ ಪೆಟ್ಟಿಗೆಯ ಮುಂದೆ ನಮ್ಮ ಮ್ಯೂಸಿಯಂನ ಗೈಡ್ ಇಗ್ನಾತ್ ಸವೆಲಿಯೆವಿಚ್ ಶಾಲೆಯ ಮಕ್ಕಳಿಗೆ ಅದೇ ಗವಸನ್ನು ತೋರಿಸುತ್ತಿದ್ದ.

"ಭಯ ಅಂದ್ರೇನು ಅಂತಲೇ ಇದನ್ನ ತೊಟ್ಟಾಕೆಗೆ ಗೊತ್ತಿರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಸುಳ್ಳು... ಮತ್ತೆ ಅದೇ ಸುಳ್ಳು! ಮ್ಯೂಸಿಯಂ ನೆಲ ಕೆಡದಿರಲೆಂದು ಬೂಟಿನ ಮೇಲೆ ಕಟ್ಟಿಕೊಂಡ ಬಟ್ಟೆ ಚಪ್ಪಲಿ ಜಾರುತ್ತಿದ್ದರೂ ನೇರ ಅವನೆದುರು ಹೋಗಿ ನಿಂತಳು.

"ಯಾರ್ರೀ ಹೇಳಿದ್ದು ನಿಮಗೆ?"

ಗುರುತು ಸಿಕ್ಕಿ ಅವನ ಮುಖ ಬಿಳಿಚಿತು. ಜೇಬಿನಿಂದ ಗವಸಿನ ವಿವರಣೆಯ ಹಾಳೆ ತೆಗೆದ.

"ನೀವೇ. ಕೆಳಗೆ ಸಹಿ ನಿಮ್ಮದೇ."

ಹೌದು, ಅವಳದೇ. ಭೂಮಿಗಿಳಿದ ವಾರ ಕಾಲು ನಿಲ್ಲದಿದ್ದಾಗ, ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ್ದಳು. ನಾಚಿಕೆಯಾಗಬೇಕಿತ್ತು... ಕೋಪವೇ ಇಮ್ಮಡಿಯಾಯಿತು. ಗಿಳಿಪಾಠ ಒಪ್ಪಿಸುವವನಿಗೆ ಆ ಗವಸನ್ನು ಒಮ್ಮೆ ಕಣ್ಣುಬಿಟ್ಟು ನೋಡಲೂ ಆಗಲಿಲ್ಲವೇ ಎಂದು ಹರಿಹಾಯ್ದಳು.

ಈಗ ಅವನಿಗೂ ರೇಗಿತು.

"ನೋಡಿದೀನಿ. ಬೆರಳಿನ ಒಳಭಾಗ ಮಾತ್ರ ಸವೆದಿದೆ. ನೌಕೆಯ ಹೊರಗಿನ ಕಂಬಿ ಬಿಡೋಕಾಗದೆ ಹಿಡ್ಕೊಂಡಿದ್ರಿ, ಮೊದಲ ದಿನವೇ ಗೊತ್ತಾಯ್ತು. ಅದನ್ನ ಹೇಳೋ ಹಕ್ಕು ನಂದಲ್ಲ. ನೀವೇ ಬಂದು ಹೇಳಿ ಅಂತ ವರ್ಷಾವರ್ಷ ಕಾಗದ ಬರೆದೆ. ಒಂದಕ್ಕಾದ್ರೂ ಉತ್ತರ ಕೊಟ್ರಾ?"

ಆ ಕಾಗದಗಳು... ಕಚೇರಿಯ ಆಹ್ವಾನಗಳೆಂದುಕೊಂಡು ಅವಳು ಒಡೆದೇ ನೋಡಿರಲಿಲ್ಲ.

ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು, "ಆಂಟಿ, ಹೆದರಿದ್ರಾ?"

ತೈಸಿಯಾ ಗವಸಿನ ಸವೆದ ಬೆರಳುಗಳನ್ನು ತೋರಿಸಿದಳು.

"ಹನ್ನೊಂದು ನಿಮಿಷ. ಕೆಳಗೆ ಸಮುದ್ರ ಓಡ್ತಾ ಇತ್ತು, ಕೈ ನನ್ನ ಮಾತೇ ಕೇಳ್ಲಿಲ್ಲ. ಆಮೇಲೆ ಕೆಲಸ ಮುಗಿಸಿದೆ."

ನಾಲ್ಕು ವರ್ಷ ಆಡದ ಮಾತನ್ನೆಲ್ಲ ಮಕ್ಕಳಿಗೆ ಒಂದು ಗಂಟೆ ಹೇಳಿದಳು. ಮಕ್ಕಳು ಹೋದ ಮೇಲೆ ಇಗ್ನಾತ್ ಆ ಹಾಳೆಯನ್ನು ಹರಿದುಹಾಕಿದ.

"ಹೆದರಿದ ಆ ಕೈಯನ್ನ ನಾಲ್ಕು ವರ್ಷದಿಂದ ಪ್ರೀತಿಸ್ತಿದೀನಿ. ಬೈಯೋದಿದ್ರೆ ಬೈದ್ಬಿಡಿ."

"ಬೈತೀನಿ. ಕೋಪ ಇನ್ನೂ ಇಳಿದಿಲ್ಲ." ಆದರೂ ಎಡಗೈ ಚಾಚಿದಳು.

"ನಡುಗ್ತಿದೆ," ಎಂದ ಇಗ್ನಾತ್.

"ಹಾಗಾದ್ರೆ ಗಟ್ಟಿ ಹಿಡ್ಕೊಳ್ಳಿ."

ಗವಸು ಪೆಟ್ಟಿಗೆಯಲ್ಲೇ ಉಳಿಯಿತು. ಇಬ್ಬರೂ ಹೊರಟಾಗ ಬಿಲ್ಲೆ ಕೇಳಲು ಮನಸ್ಸಾಗದೆ ಕೋಟು ಕೊಟ್ಟೆ. ಮುಂದೇನಾಯಿತೆಂದು ಇಗ್ನಾತ್‌ನನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ತೈಸಿಯಾಳಿಗೆ ಕೊಟ್ಟ ಹದಿನೇಳನೇ ಬಿಲ್ಲೆಯೂ ವಾಪಸ್ ಬಂದಿಲ್ಲ.