ಮಗ್ಗ ನಿಂತ ಹೊತ್ತು

ಬಸವಣ್ಣೆಪ್ಪ ತನ್ನ ಕಾರ್ಖಾನೆಯಲ್ಲೇ ಹೆಣವಾಗಿ ಬಿದ್ದಿದ್ದ. ತಲೆಗೆ ಕಬ್ಬಿಣದ ರಾಡಿನ ಪೆಟ್ಟು. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಹಗಲು ಪಾಳಿಯವರು ಚಹಾಕ್ಕೆ ಎದ್ದು ಹೋಗಿದ್ದರು.

ಪೊಲೀಸ್ ಫೌಜದಾರ ಪೂನಮ ಬರುವಷ್ಟರಲ್ಲಿ ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಯ ಆ ಗಲ್ಲಿ ತೀರ್ಪು ಕೊಟ್ಟಾಗಿತ್ತು. ರಾತ್ರಿ ಪಾಳಿಯ ನೇಕಾರ, ಬಿಹಾರದ ನಂದಲಾಲನ ಟ್ರಂಕು ಗಟಾರದಲ್ಲಿ, ನಂದಲಾಲ ಜನರ ಕೈಯಲ್ಲಿ. ಅವನ ಖೋಲಿ ಕಾರ್ಖಾನೆಗೆ ಅಂಟಿಕೊಂಡಿತ್ತು, ಅಷ್ಟೇ ಸಾಕ್ಷಿ.

"ಹೊರಗಿನವರನ್ನ ಒಳಗ ಬಿಟ್ಟಿದ್ದಕ್ಕ ಹಿಂಗಾತ್ರಿ ಮ್ಯಾಡಮ್," ಎಂದ ಬಸವಣ್ಣೆಪ್ಪನ ಅಣ್ಣನ ಮಗ ರೋಹನ.

ಪೂನಮಳಿಗೆ ಮೈ ಉರಿಯಿತು. ಅವಳು ಹುಟ್ಟಿದ್ದೇ ಈ ಗಲ್ಲಿಯಲ್ಲಿ. ಇಲ್ಲಿ ಒಳಗಿನವರು ಯಾರಿದ್ದಾರೆ? ಅವಳ ಅಜ್ಜ ರಬಕವಿಯಿಂದ ಬಂದವನು, ರೋಹನನ ಅಜ್ಜ ನೂಲ ಅನ್ನುವ ಹಳ್ಳಿಯಿಂದ. ಆಮೇಲೆ ಸೊಲ್ಲಾಪುರದ ತೆಲುಗರು, ಮಾರವಾಡಿಗಳು, ಈಗ ಬಿಹಾರಿಗಳು. ಒಂದೇ ನಲ್ಲಿಯ ಮುಂದೆ ಐದು ಭಾಷೆಯ ಜಗಳ ಕೇಳುತ್ತ ಬೆಳೆದವಳು ಅವಳು.

"ಕರೆಂಟ್ ಹೋದಾಗ ನೀ ಎಲ್ಲಿದ್ದಿ?" ರೋಹನನನ್ನೇ ಕೇಳಿದಳು.

"ರಾತ್ರಿ ಪಾಳಿ ಮುಗಿಸಿ ಇಲ್ಲೇ ಮನ್ಯಾಗ ಮಲಗಿದ್ನಿರಿ. ಕಾಕಾನ ಹೆಣಾ ನೋಡಿ ಕಾಕು ಚೀರಿದಾಗ ಎಚ್ಚರಾತು."

*

ಎದುರುಮನೆಯ ನಾಗೂಬಾಯಿ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು.

"ಏನಾರ ಕೇಳಿಸಿತೇನ್ರಿ, ಆಯಿ?"

"ಮಗ್ಗ ನಿಂತ ಮ್ಯಾಲ ಬಸವಣ್ಣೆಪ್ಪ ಒದರಿದ್ದು ಕೇಳಿಸಿತವ್ವಾ. ಯಾರ ಮ್ಯಾಲೋ ಸಿಟ್ಟಾಗ್ಯಾನ ಅಂದ್ಕೊಂಡ್ನಿ."

"ಆವಾಗ ನಂದಲಾಲ ಎಲ್ಲಿದ್ದ?"

"ನನ್ನ ಬಾಗಿಲಾಗ. ಸಪ್ಪಳ ನಿಂತ ಕೂಡ್ಲೆ ಕೂಸು ಎದ್ದು ಅಳಾಕತ್ತಿತ್ತು. ಅವನೂ ಕಣ್ಣು ತಿಕ್ಕೊಂತ ಎದ್ದು ಬಂದು ಎತ್ಕೊಂಡ. ಮಲಗಿದವರೆಲ್ಲಾ ಹೊರಗ ಬಂದಿದ್ರು."

"ರೋಹನ?"

"ಅವ ಬರಲಿಲ್ಲ."

"ಮಂದಿಗೆ ಯಾಕ ಹೇಳಲಿಲ್ಲ?"

"ಹೇಳಿದ್ನವ್ವಾ. ಯಾರ ಕೇಳ್ತಾರ?"

*

ಪೂನಮ ಎಲ್ಲರೆದುರು ರೋಹನನನ್ನು ನಿಲ್ಲಿಸಿದಳು.

"ಈ ಗಲ್ಲ್ಯಾಗ ಮಗ್ಗ ನಡದ್ರ ನಿದ್ದಿ ಬರತೈತಿ, ನಿಂತ್ರ ಎಚ್ಚರಾಗತೈತಿ. ಕೂಸಿಗೂ ಎಚ್ಚರಾತು. ನಿನಗೊಬ್ಬಗ ಹೆಂಗ ನಿದ್ದಿ ಹತ್ತಿತ್ತೋ?"

ಪೊಲೀಸರು ರೋಹನನ ಮನೆ ಹುಡುಕಿದರು. ಅವನ ಹಾಸಿಗೆಯ ಕೆಳಗೆ ರಕ್ತ ಹತ್ತಿದ ಅಂಗಿ ಸಿಕ್ಕಿತು.

"ಕಾರ್ಖಾನಿ ನಡಸಾಕ ಈ ಬಿಹಾರಿ ನಂದಲಾಲಗ ಕೊಡ್ತೇನಿ ಅಂದ ಕಾಕಾ," ಎಂದು ಕೊನೆಗೆ ಬಿಕ್ಕಿದ. "ನಾ ಏನ ಸತ್ತಿದ್ನೇನ್ರಿ?"

*

ಹಿಡಿದವರೇ ಕೈಬಿಟ್ಟಿದ್ದರು. ನಂದಲಾಲ ಗಟಾರಕ್ಕಿಳಿದು ಟ್ರಂಕು ಮೇಲೆತ್ತಿದ.

"ಇರೋ ಯಪ್ಪಾ, ಹೋಗಬ್ಯಾಡ," ಎಂದಳು ನಾಗೂಬಾಯಿ.

ಗಲ್ಲಿಯಲ್ಲೇ ಕಲಿತ ಕನ್ನಡದಲ್ಲಿ ಅವನೆಂದ: "ನಾಳೆ ಇನ್ನೇನಾರ ಆದ್ರ, ಮತ್ತ ನನ್ನ ಟ್ರಂಕೇ ಹೊರಗ ಬರತೈತ್ರಿ ಆಯಿ."

ಕರೆಂಟು ಬಂತು. ಯಾರೂ ಮಗ್ಗ ಹಚ್ಚಲಿಲ್ಲ. ಅವನು ಹೋಗುವುದನ್ನು ಗಲ್ಲಿಯೆಲ್ಲ ಬಾಗಿಲಲ್ಲಿ ನಿಂತು ನೋಡಿತು. ಹೋಗಬೇಡ ಅನ್ನುವ ಮುಖ ಉಳಿದ ಯಾರಿಗೂ ಇರಲಿಲ್ಲ, ಪೂನಮಳಿಗೂ.