ಮೂರನೇ ಮಹಡಿ ಮಾತಾಡಲಿಲ್ಲ

ಅಗ್ನಿಶಾಮಕ ದಳದ ಟೋಬಿ ಹೊಗೆಯೊಳಗಿಂದ ಹೊರಬಿದ್ದಾಗ ಅವನ ಹೆಗಲ ಮೇಲೆ ಇರ್ಮಾಜ್ಜಿ ಇದ್ದಳು, ಅವನ ಬಾಯಲ್ಲಿ ಬೈಗುಳವಿತ್ತು.

"ಎಲ್ರೂ ಕಿವಿಗೆ ಹತ್ತಿ ಇಟ್ಕೊಂಡಿದ್ರಾ? ದಾರಿ ಕಾಣ್ತಿಲ್ಲ, ಇನ್ನೊಬ್ರನ್ನ ಕಳಿಸಿ ಅಂತ ಕೂಗಿ ಕೂಗಿ ಗಂಟಲು ಹರೀತು. ಒಬ್ಬರಾದ್ರೂ ಓಗೊಟ್ರಾ?"

ಕೆಳಗಿದ್ದವರು ಮುಖ ಮುಖ ನೋಡಿಕೊಂಡರು. ಯಾರ ವಾಕಿಟಾಕಿಯಲ್ಲೂ ಅವನ ದನಿ ಬಂದಿರಲಿಲ್ಲ.

ಬೆಂಕಿ ದೊಡ್ಡದೇನಲ್ಲ. ಮೂರನೇ ಮಹಡಿಯಲ್ಲಿ ಇರ್ಮಾಳ ಕೋಣೆಯ ಟೋಸ್ಟರ್ ಹೊತ್ತಿಕೊಂಡಿತ್ತು, ಅಷ್ಟೆ. ಆದರೆ ಹೊಗೆ ದೊಡ್ಡದಿತ್ತು. ಟೋಬಿಯ ಕೈ ಸುಟ್ಟಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ.

ಬರ್ಚ್ ಹೌಸ್ ವೃದ್ಧರ ವಸತಿಗೃಹ. ಅದರ ಉಕ್ಕು, ಕಾಂಕ್ರೀಟು ವಾಕಿಟಾಕಿಯ ದನಿಯನ್ನು ನುಂಗಿಬಿಡುತ್ತವೆ. ಹಾಗಾಗಬಾರದೆಂದೇ ನೆಲಮಾಳಿಗೆಯಲ್ಲಿ ದನಿಗೆ ಬಲ ಕೊಡುವ ಒಂದು ಪೆಟ್ಟಿಗೆ ಇಟ್ಟು, ಅಲ್ಲಿಂದ ಪ್ರತಿ ಮಹಡಿಗೂ ತಂತಿ ಎಳೆದಿದ್ದರು. ತನಿಖೆಗೆ ಬಂದ ಅಗ್ನಿಶಾಮಕ ಅಧಿಕಾರಿ ಗ್ರೆಟಾ ಮೊದಲು ನೋಡಿದ್ದೇ ಆ ಪೆಟ್ಟಿಗೆಯನ್ನು. ಬೀಗ ಭದ್ರವಾಗಿತ್ತು. ಕೆಲಸ ಮಾಡುತ್ತಿದೆ ಎನ್ನುವ ಹಸಿರು ದೀಪ ಉರಿಯುತ್ತಿತ್ತು.

* * *

"ಇದು ವೆಂಡೆಲ್ ಮಾಕಿಯದೇ ಕೆಲಸ," ಎಂದಳು ಮ್ಯಾನೇಜರ್ ಕಾರ್ಲಾ. "ಬಾಲ್ಕನಿ ತುಂಬ ತಂತಿ ಕಟ್ಕೊಂಡು ಯಾವ್ಯಾವ ದೇಶದೋರ ಜೊತೆಗೋ ರೇಡಿಯೋದಲ್ಲಿ ಹರಟ್ತಾನೆ. ಅದೇ ಅಡ್ಡ ಬಂದಿರೋದು. ಸೋಮವಾರದೊಳಗೆ ಖಾಲಿ ಮಾಡು ಅಂದಿದ್ದೀನಿ."

ವೆಂಡೆಲ್ ಮೂರನೇ ಮಹಡಿಯ ತನ್ನ ಕೋಣೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು.

"ಜೀವಮಾನವೆಲ್ಲ ಅಗ್ನಿಶಾಮಕ ಠಾಣೇಲಿ ಕೂತು ಬೆಂಕಿ ಬಿತ್ತು ಅನ್ನೋ ಕರೆಗಳನ್ನೇ ತಗೊಂಡೋನು ನಾನು, ತಾಯಿ. ನಮ್ಮ ಹುಡುಗರ ಬಾಯಿಗೆ ನಾನೇ ಬಟ್ಟೆ ತುರುಕ್ತೀನಾ?"

ಗ್ರೆಟಾ ಅವನ ರೇಡಿಯೋ ಯಂತ್ರ ಆರಿಸಿ, ವಾಕಿಟಾಕಿಯಲ್ಲಿ ಮಾತಾಡುತ್ತ ಕಾರಿಡಾರಿನಲ್ಲಿ ನಡೆದಳು. ಹೊರಗೆ ನಿಂತವರಿಗೆ ಒಂದಕ್ಷರ ಕೇಳಿಸಲಿಲ್ಲ. ಎರಡನೇ ಮಹಡಿಗಿಳಿದಳು. ಅಲ್ಲಿಂದ ಗಂಟೆ ಹೊಡೆದಂತೆ ಕೇಳಿಸಿತು. ತಪ್ಪು ವೆಂಡೆಲನ ಯಂತ್ರದ್ದಲ್ಲ.

"ಎಲೆ ಉದುರೋಕೆ ಶುರುವಾದಾಗಿಂದ ಈ ಮಹಡಿ ಮೂಗಿ ಆಗಿದೆ," ಎಂದ ವೆಂಡೆಲ್. "ಕಾರಿಡಾರಿಗೆ ಬಂದ್ರೆ ನನ್ನ ಚಿಕ್ಕ ರೇಡಿಯೋಲಿ ಅಗ್ನಿಶಾಮಕದೋರ ಮಾತೇ ಬರಲ್ಲ. ಕಾರ್ಲಾಗೆ ಹೇಳ್ದೆ. ಕಿವಿ ತೋರಿಸ್ಕೋ ಅಂದ್ಲು."

* * *

ಅಗ್ನಿಶಾಮಕ ಠಾಣೆಯಲ್ಲಿ ಟೋಬಿ ಬ್ಯಾಂಡೇಜು ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಒಂದೇ ಸಮನೆ ಸೀನುತ್ತಿದ್ದ.

"ನೆಗಡಿಯಾ?"

"ಅಲ್ಲ ಮೇಡಂ. ಬೆಕ್ಕು ಹತ್ರ ಬಂದ್ರೆ ಮಾತ್ರ ನಂಗೆ ಹೀಗಾಗೋದು. ಆದ್ರೆ ಬರ್ಚ್ ಹೌಸಲ್ಲಿ ಬೆಕ್ಕೇ ಸಾಕೋ ಹಾಗಿಲ್ಲ!"

ಅವನ ಕೋಟಿನ ಹೆಗಲಿಗೆ ಹಳದಿ ಕೂದಲು ಅಂಟಿತ್ತು. ಗ್ರೆಟಾ ಅದನ್ನು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ, ಹಣ್ಣು ತುಂಬಿ ಬೇಯಿಸಿದ ಪೈ ನೋಡಿದಳು. ಕಾಗದದ ತಟ್ಟೆಯಲ್ಲಿ ಮುರಿದು ಮುದ್ದೆಯಾಗಿತ್ತು.

"ಇರ್ಮಾಜ್ಜಿ ಕಳಿಸಿದ್ದು," ಎಂದ ಟೋಬಿ. "ಮುಂಚೆ ತಗಡಿನ ತಟ್ಟೇಲೇ ಗುಂಡಗೆ ಬರ್ತಿತ್ತು. ಈಗ ಹೀಗೆ."

"ತಟ್ಟೆ ವಾಪಸ್ ಕೊಟ್ಟಿಲ್ವೇನೋ ನೀವು."

"ಅಯ್ಯೋ, ತೊಳೆದು ಒರೆಸಿ ಕೊಟ್ಟಿದ್ದೀವಿ. ಪೈ ತಟ್ಟೆ ನುಂಗಿದೋರಿಗೆ ಈ ಊರಲ್ಲಿ ಎರಡನೇ ಪೈ ಹುಟ್ಟುತ್ತಾ?"

"ಯಾವಾಗಿಂದ ಹೀಗೆ?"

"ಎಲೆ ಉದುರೋ ಹೊತ್ತಿಂದ ಅನ್ಸತ್ತೆ."

ಗ್ರೆಟಾ ಪೈ ತಿನ್ನಲು ಎತ್ತಿದ್ದ ಚಮಚ ಕೆಳಗಿಟ್ಟು ಎದ್ದಳು.

* * *

ಮರುದಿನ ಊಟವಾದ ಮೇಲೆ ಮೂರನೇ ಮಹಡಿಯವರೆಲ್ಲ ಕಾರಿಡಾರಿನಲ್ಲಿ ಸೇರಿದರು. ಟೋಬಿಯೂ ಕಾರ್ಲಾಳೂ ಬಂದಿದ್ದರು. ಗ್ರೆಟಾ ಬಲ್ಬು ಬದಲಿಸುವ ಉದ್ದ ಕೋಲು ತೆಗೆದುಕೊಂಡು, ಛಾವಣಿಯಲ್ಲಿ ಸಾಲಾಗಿದ್ದ ಬಿಳಿ ಗುಬುಟುಗಳಲ್ಲೊಂದನ್ನು ಮೀಟಿದಳು.

ಠಣ್ ಎಂದು ಏನೋ ಕೆಳಗೆ ಬಿತ್ತು. ಬಿಳಿ ಬಣ್ಣ ಬಳಿದ ಪೈ ತಟ್ಟೆ. ಅದರ ಹಿಂದೆ, ಛಾವಣಿಯಲ್ಲಿ, ನಿಜವಾದ ಗುಬುಟು ಇತ್ತು.

"ತಟ್ಟೆಗಳು ಠಾಣೆಗೆ ಬರೋದು ನಿಂತಾಗಲೇ ಈ ಮಹಡಿ ಮೂಗಿ ಆಯ್ತು," ಎಂದಳು ಗ್ರೆಟಾ. "ಟೋಬಿಯ ಕೋಟಲ್ಲಿ ಬೆಕ್ಕಿನ ಕೂದಲಿತ್ತು. ಅವನು ಹೊತ್ತು ತಂದಿದ್ದು ಒಬ್ಬರನ್ನೇ. ಅಲ್ವಾ ಅಜ್ಜಿ?"

ಇರ್ಮಾಳ ಶಾಲಿನೊಳಗಿಂದ ಮಿಯಾಂವ್ ಎಂಬ ಉತ್ತರ ಬಂತು.

"ಅದು ಕ್ಯಾಮೆರಾ ಅಂದ್ಕೊಂಡೆ ಕಣಮ್ಮ," ಎಂದಳು ಇರ್ಮಾ. "ಎಲ್ರೂ ಹಾಗೇ ಅಂತಿದ್ರು. ಈ ಮರಿಯನ್ನ ನೋಡಿದ್ರೆ ಕಿತ್ಕೊಂಡು ಹೋಗ್ತಾರೆ ಅಂತ ಆ ಕೋಲಲ್ಲೇ ತಟ್ಟೆ ಅಂಟಿಸ್ದೆ."

"ಅದು ಕ್ಯಾಮೆರಾ ಅಲ್ಲ. ಅಗ್ನಿಶಾಮಕದೋರ ದನಿ ಹೊರಗೆ ಮುಟ್ಟಿಸೋ ಆಂಟೆನಾ. ತಗಡು ಮುಚ್ಚಿದ್ರೆ ಸತ್ತ ಹಾಗೆ."

ಇರ್ಮಾ ಟೋಬಿಯ ಬ್ಯಾಂಡೇಜು ನೋಡಿದಳು. ಮುಖ ಮುಚ್ಚಿಕೊಂಡು ಅತ್ತಳು. ಗ್ರೆಟಾ ಕಾರ್ಲಾಳ ಕಡೆ ತಿರುಗಿದಳು.

"ಇದೇನು ಅಂತ ಇವರಿಗೆ ಯಾವತ್ತಾದ್ರೂ ಹೇಳಿದ್ರಾ?"

ಕಾರ್ಲಾ ನೆಲ ನೋಡಿದಳು. "ಕ್ಯಾಮೆರಾ ಅಂದ್ಕೊಂಡ್ರೆ ಶಿಸ್ತಾಗಿರ್ತಾರೆ ಅಂತ... ಸುಮ್ಮನಿದ್ದೆ."

"ಹಾಗಾದ್ರೆ ಅಜ್ಜಿ ಮುಚ್ಚಿದ್ದು ಆಂಟೆನಾ, ನೀವು ಮುಚ್ಚಿದ್ದು ನಿಜ. ನನ್ನ ವರದಿಯಲ್ಲಿ ಎರಡೂ ಇರತ್ತೆ."

ಕಾರ್ಲಾ ವೆಂಡೆಲನ ಬಾಗಿಲಿಗೆ ಅಂಟಿಸಿದ್ದ, ಕೋಣೆ ಖಾಲಿ ಮಾಡಬೇಕೆಂಬ ನೋಟೀಸನ್ನು ತಾನೇ ಹೋಗಿ ಕಿತ್ತಳು. ವಾಪಸ್ ಬಂದು, ಬೆಕ್ಕು ಇರಲಿ, ನಿಯಮ ಬದಲಿಸೋಣ ಎಂದಳು. ಮುದುಕರ ಚಪ್ಪಾಳೆಗೆ ಬೆಕ್ಕು ಬೆದರಿತು.

ಉಳಿದ ತಟ್ಟೆಗಳೂ ಕೆಳಗಿಳಿದವು. ಟೋಬಿ ಹೊರಗೆ ನಿಂತಿದ್ದ ಅಗ್ನಿಶಾಮಕ ಬಂಡಿಗೆ ಹೋದ. ಗ್ರೆಟಾ ವಾಕಿಟಾಕಿಯನ್ನು ವೆಂಡೆಲನ ಕೈಗಿಟ್ಟಳು. ಅವನು ಬೆನ್ನು ನೆಟ್ಟಗೆ ಮಾಡಿದ.

"ಮೂರನೇ ಮಹಡಿಯಿಂದ ವೆಂಡೆಲ್. ಕೇಳಿಸ್ತಿದೆಯಾ?"

ಮೊದಲು ಬಂದದ್ದು ಒಂದು ಸೀನು.

"ಚೆನ್ನಾಗಿ ಕೇಳಿಸ್ತಿದೆ, ತಾತ. ಅಜ್ಜಿಗೆ ಹೇಳಿ, ಪೈಗೆ ಈಗ ತಟ್ಟೆಗಳು ಖಾಲಿ ಇವೆ ಅಂತ."