ಎಡಗಡೆಯ ಬಾಗಿಲು

"ಓರಿನ್, ಹನ್ನೊಂದು ವರ್ಷದ ಹಕ್ಕಿಗಳನ್ನ ಏನ್ ಮಾಡ್ದೆ?"

ಡಲೂತ್ ಊರಿನ ಸರೋವರದ ದಡದಲ್ಲಿರುವ ನಮ್ಮ ಲೂನ್ ಹಕ್ಕಿ ಗಣತಿ ಕಚೇರಿಯಲ್ಲಿ ಇರುವುದೇ ನಾವಿಬ್ಬರು. ಮಾರಿತ್‌ಳ ಕಣ್ಣು ನನ್ನ ಕಡೆ ತಿರುಗಲಿ ಎಂದು ಮೂರು ವರ್ಷದಿಂದ ಕಾದಿದ್ದೆ. ಇವತ್ತು ತಿರುಗಿತು, ಕೆಂಪಗೆ.

"ನಾನೇನೂ ಮಾಡಿಲ್ಲ ಕಣೇ."

"ನಿನ್ನೆ ಫೋಲ್ಡರ್ ಎಲ್ಲಾ ಒಪ್ಪ ಮಾಡ್ತೀನಿ ಅಂದೋನು ಯಾರು? ಡೇಟಾಬೇಸ್ ತೆಗೆದ್ರೆ ಖಾಲಿ! ಒಂದು ಟೇಬಲ್ಲೂ ಇಲ್ಲ!"

ನಿಜ, ಅವಳ ಸ್ಕ್ರಿಪ್ಟ್‌ಗಳನ್ನೆಲ್ಲ ಹೊಸ ಫೋಲ್ಡರ್‌ಗೆ ಹಾಕಿದ್ದವನು ನಾನೇ. ಹನ್ನೊಂದು ಬೇಸಿಗೆ ದೋಣಿಯಲ್ಲಿ ಕೂತು ಎಣಿಸಿದವಳು ಅವಳು. ಅದನ್ನು ನಾನು ಅಳಿಸಿದ್ದರೆ ಅವಳು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ.

ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಅವಳ ಸ್ವೆಟರ್‌ನಿಂದ ಸೌನಾ ಹಬೆಕೋಣೆಯ ಸೌದೆಹೊಗೆಯ ವಾಸನೆ ಬರುತ್ತಿತ್ತು. ಪರದೆ ನೋಡೋ ಮಾರಾಯ, ಎಂದು ನನಗೆ ನಾನೇ ಹೇಳಿಕೊಂಡೆ.

"ಕಮಾಂಡ್ ಕೊಟ್ಟಾಗ ಎಲ್ಲಿದ್ದೆ?"

"ಇದೇ ಕುರ್ಚಿಲಿ! ಇನ್ನೆಲ್ಲಿರ್ಲಿ?"

"ಯಾವ ಫೋಲ್ಡರ್‌ನಲ್ಲಿ, ಮಾರಾಯ್ತಿ."

ನೋಡಿದರೆ, ಹೊಸ ಫೋಲ್ಡರ್‌ನೊಳಗೆ. ನನಗೆ ಹೋದ ಉಸಿರು ಬಂತು.

"ಬರೀ ಫೈಲ್ ಹೆಸರು ಕೊಟ್ರೆ ಈ ಡೇಟಾಬೇಸ್ ಟೂಲ್ ಊರೆಲ್ಲಾ ಹುಡುಕಲ್ಲ. ನೀನು ನಿಂತಿರೋ ಫೋಲ್ಡರ್ ಮಾತ್ರ ನೋಡುತ್ತೆ. ಅಲ್ಲಿ ಇಲ್ದಿದ್ರೆ ಬಾಯಿಬಿಟ್ಟು ಹೇಳೋದೂ ಇಲ್ಲ. ಅದೇ ಹೆಸರಲ್ಲಿ ಖಾಲಿದೊಂದು ತೆರೆದು ಸುಮ್ನೆ ಕೂತ್ಕೊಳ್ಳುತ್ತೆ."

ಒಂದು ಫೋಲ್ಡರ್ ಮೇಲೆ, ಡೇಟಾಬೇಸ್ ಇದ್ದ ಹಳೆಯ ಜಾಗಕ್ಕೆ ಹೋಗಿ ಮತ್ತೆ ತೆರೆದೆ. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಹಕ್ಕಿಗಳು, ಒಂದೂ ಕದಲದೆ ಅಲ್ಲೇ ಇದ್ದವು.

ಮಾರಿತ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬೆರಳ ಸಂದಿಯಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಥೇಟ್ ನಿನ್ನ ಥರಾನೇ ಈ ಟೂಲು."

"ನನ್ನ ಥರಾನಾ?"

"ಪ್ರತಿ ಮಂಗಳವಾರ ವೈಲ್ಡ್ ರೈಸ್ ಸೂಪ್ ತರ್ತೀನಲ್ಲ, ಯಾರಿಗೆ ಅಂದ್ಕೊಂಡಿದ್ದೆ?"

"ಆಫೀಸಿಗೆ."

"ಆಫೀಸಲ್ಲಿ ಇನ್ಯಾರಿದಾರೋ ಪೆದ್ದ? ನಿನ್ನ ಕುರ್ಚಿಯಿಂದ ಕಾಣ್ಲಿಲ್ಲ ಅಂದ್ರೆ ಇಲ್ವೇ ಇಲ್ಲ ಅಂತಾನಾ?"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನು ನಾನು, ಅದೂ ಮೂರು ವರ್ಷ.

"ನೀನಂದ್ರೆ ನಂಗೆ ತುಂಬಾ ಇಷ್ಟ, ಮಾರಿತ್. ಮೊದಲ್ನೇ ದಿನದಿಂದ."

"ಈಗ ಬಾಯಿ ಬಂತಾ?" ಕೆನ್ನೆ ಕೆಂಪಾಗಿತ್ತು. ಅದನ್ನು ಮರೆಮಾಚಲು ಪರದೆ ಕಡೆ ತಿರುಗಿದಳು. "ಇನ್ಮೇಲೆ ಹೀಗೆ ದಾರಿ ತಪ್ಪದ ಹಾಗೆ ಏನ್ ಮಾಡ್ಬೇಕು?"

"ಪೂರ್ತಿ ವಿಳಾಸ ಬರೀಬೇಕು, ಮೇಲಿಂದ ಕೆಳಗಿನವರೆಗೆ. ಆಗ ಎಲ್ಲಿ ನಿಂತು ಕರೆದ್ರೂ ಸಿಗುತ್ತೆ."

ಅವಳು ಹಳದಿ ಚೀಟಿಯೊಂದನ್ನು ಕಿತ್ತು, ಬರೆದು, ನನ್ನ ಅಂಗಿಗೆ ಅಂಟಿಸಿದಳು. ಮಿನ್ನೆಸೋಟ, ಡಲೂತ್, ಬೀದಿ, ಮನೆ ನಂಬರು, ಎರಡನೇ ಮಹಡಿ, ಎಡಗಡೆಯ ಬಾಗಿಲು. ಕೆಳಗೆ ಸಣ್ಣಗೆ: ಶನಿವಾರ ಆರು ಗಂಟೆ, ಸೂಪು.

ಶನಿವಾರ ಐದೂವರೆಗೇ ನಾನು ಆ ಬಾಗಿಲ ಮುಂದೆ ನಿಂತಿದ್ದೆ. ಬಡಿಯುವ ಮೊದಲೇ ಅವಳು ತೆರೆದಳು.